ಸಕ್ಕರೆ ಹಾಕದ ಚಹಾ

ಅವಲಕ್ಕಿ ತಟ್ಟೆಗಳನ್ನು ಹಿಡಿದು ಪಡಸಾಲೆಗೆ ಬಂದ ಕೇತಕಿ ತನ್ನನ್ನು ನೋಡಲು ಬಂದಿದ್ದ ಹುಡುಗನ ತಾಯಿಯ ಮುಖ ಕಂಡದ್ದೇ ಅಲ್ಲೇ ನಿಂತುಬಿಟ್ಟಳು. ಆಕೆಯೂ ಇವಳನ್ನು ಗುರುತು ಹಿಡಿದರು. ಇಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದವರು ನೆಟ್ಟಗಾಗಿ ಸೆರಗು ಸರಿಪಡಿಸಿಕೊಂಡರು.

ಕಳೆದ ವರ್ಷ ಸಾಂಗಲಿಯ ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡು ಇವರಿಬ್ಬರೂ ಒಂದೂವರೆ ಗಂಟೆ ಕೂತಿದ್ದರು. ಪುಣೆಯ ಸಂಶೋಧಕರ ಪರವಾಗಿ ಮನೆಮನೆಗೆ ಹೋಗಿ, ಹೆಂಗಸರ ದಾಂಪತ್ಯದ ಒಳಗುಟ್ಟು ಕೇಳಿ ಬರೆದುಕೊಳ್ಳುವುದು ಕೇತಕಿಯ ಕೆಲಸ. ಹಾಳೆಯಲ್ಲಿ ಹೆಸರಿಲ್ಲ, ಬರೀ ಸಂಖ್ಯೆ. ‘ಮದುವೆಯಾದ ಮೇಲೆ ಗಂಡನಲ್ಲದೆ ಬೇರೆ ಯಾರಾದರೂ?’ ಎಂಬ ಪ್ರಶ್ನೆ ಮುಗಿಯುವ ಮೊದಲೇ ಎಲ್ಲರೂ ಛೀ ಛೀ ಅಂದು ಕೆನ್ನೆ ಬಡಿದುಕೊಳ್ಳುತ್ತಿದ್ದರು. ಇವತ್ತು ಎದುರು ಕೂತಿದ್ದ ಈ ಸುಲಭಾಬಾಯಿ ಮಾತ್ರ ಬಳೆ ತಿರುಗಿಸುತ್ತ, “ಒಬ್ಬರು. ಎರಡು ಮಳೆಗಾಲ” ಅಂದಿದ್ದರು. ಆಮೇಲೆ ಒಂದು ಲೋಟ ನೀರು ಕುಡಿದು, ಎದೆ ಹಗುರಾಯಿತು ಎಂದು ನಕ್ಕಿದ್ದರು.

ಈ ಸುಲಭಾಬಾಯಿಯ ಮಗನೇ ತಾನು ಮೆಚ್ಚಿದ ಮಂದಾರ ಎಂದು ಕೇತಕಿಗೆ ಗೊತ್ತಾಗಲು ದಾರಿಯಿರಲಿಲ್ಲ. ನಾಲ್ಕು ಸಲ ಹೊರಗೆ ಭೇಟಿಯಾಗಿ ಇಬ್ಬರೂ ಮನಸ್ಸಿನಲ್ಲೇ ಮದುವೆ ಮುಗಿಸಿಕೊಂಡಿದ್ದರು. ಇವತ್ತಿನದು ಹಿರಿಯರು ಅವಲಕ್ಕಿ ತಿಂದು ಹೂಂ ಅನ್ನುವ ಶಾಸ್ತ್ರ, ಅಷ್ಟೇ.

“ಏನು ಕೆಲಸ ಅಂದ್ರಿ ಹುಡುಗೀದು?” ಮಂದಾರನ ಸೋದರತ್ತೆ ಶಾಲಿನಿಬಾಯಿ ನಿಂಬೆಹಣ್ಣು ಹಿಂಡುತ್ತ ಕೇಳಿದರು.

“ಆರೋಗ್ಯ ಇಲಾಖೆ ಥರದ್ದು. ಹೆಂಗಸರಿಗೆ ರಕ್ತ ಕಡಿಮೆ ಇರುತ್ತಲ್ಲ, ಅದೇ,” ಎಂದು ಕೇತಕಿಯ ತಾಯಿ ಎರಡು ದಿನದಿಂದ ಬಾಯಿಪಾಠ ಮಾಡಿಟ್ಟುಕೊಂಡದ್ದನ್ನು ಒಪ್ಪಿಸಿದರು.

ಪ್ರೀತಿಯಲ್ಲಿ ಬಿದ್ದವರಿಗೆ ಬಾಯಿ ಮುಚ್ಚಿಕೊಂಡಿರುವುದು ಗೊತ್ತಿರುವುದಿಲ್ಲ. “ಅಲ್ಲ ಆತ್ಯಾ,” ಮಂದಾರ ಹೆಮ್ಮೆಯಿಂದ ಎದೆಯುಬ್ಬಿಸಿದ, “ಗಂಡ ಹೆಂಡತಿ ಸಂಬಂಧದ ಬಗ್ಗೆ ಸಂಶೋಧನೆ. ಹಾಸಿಗೆಯ ವಿಷಯವೂ ಕೇಳ್ತಾಳೆ. ದೊಡ್ಡ ಕೆಲಸ ಅದು!”

ಕೇತಕಿಯ ಅಪ್ಪ ತಟ್ಟೆಯಲ್ಲಿ ಶೇಂಗಾ ಹುಡುಕತೊಡಗಿದರು. ಶಾಲಿನಿಬಾಯಿ ಚಮಚ ಕೆಳಗಿಟ್ಟರು.

“ಮರ್ಯಾದಸ್ತರ ಮನೆ ಹೆಂಗಸರು ಅದನ್ನೆಲ್ಲ ಹೇಳ್ತಾರಾ?”

“ಹೇಳ್ತಾರೆ ಕಾಕು,” ಎಂದಳು ಕೇತಕಿ.

“ಅವರೆಂಥ ನಾಚಿಕೆಗೆಟ್ಟವರೋ! ವೈನಿ, ನೀವೇ ಹೇಳಿ. ಇಂಥ ಪ್ರಶ್ನೆ ಹಿಡ್ಕೊಂಡು ಯಾರಾದ್ರೂ ನಮ್ಮನೆಗೆ ಬಂದಿದ್ರೆ ಒಳಗೆ ಬಿಡ್ತಿದ್ರಾ?”

ಎಲ್ಲರೂ ಸುಲಭಾಬಾಯಿಯತ್ತ ತಿರುಗಿದರು. ಗಂಡ ವಸಂತರಾವ್ ಒಬ್ಬರೇ ಎರಡನೇ ಸಲ ಅವಲಕ್ಕಿ ಬಡಿಸಿಕೊಳ್ಳುತ್ತಿದ್ದರು.

“ಬಾಗಿಲಿಂದಲೇ ಕಳಿಸ್ತಿದ್ದೆ,” ಎಂದರು ಸುಲಭಾಬಾಯಿ.

ಕೇತಕಿ ಬಾಯಿ ಬಿಟ್ಟು ಒಂದೇ ಒಂದು ಮಾತು ಆಡಿದ್ದರೆ ಆ ಸುಳ್ಳು ಬಯಲಾಗುತ್ತಿತ್ತು. ಆದರೆ ಹೇಳಿದವರು ಸಂತೆಯಲ್ಲಿ ಎದುರಾದರೂ ಗುರುತು ಹಿಡಿಯಬಾರದು ಎಂದು ಕಾಗದದ ಮೇಲೆ ಸಹಿ ಹಾಕಿದ್ದಳು. ಸಹಿ ಇಲ್ಲದಿದ್ದರೂ ಅವಳು ಆಡುತ್ತಿರಲಿಲ್ಲ, ಅದು ಬೇರೆ ಮಾತು. ಚಹಾ ತರುತ್ತೇನೆಂದು ಒಳಗೆ ಹೋದಳು.

ಎಲ್ಲರಿಗೂ ಚಹಾ ಬಂತು. ಸುಲಭಾಬಾಯಿ ಒಂದು ಗುಟುಕು ಕುಡಿದು ಕಪ್ಪನ್ನೇ ನೋಡುತ್ತ ಕೂತರು. ಆಮೇಲೆ ಕೈ ತೊಳೆಯುವ ನೆಪ ಹೇಳಿ ಅಡುಗೆಮನೆಗೆ ಬಂದರು.

“ನನ್ನ ಹೆಸರು ಎಲ್ಲಾದ್ರೂ ಬರೆದಿದೀಯಾ?”

“ಇಲ್ಲ ಕಾಕು. ಬರೀ ಸಂಖ್ಯೆ.”

“ಮಂದಾರನಿಗೆ ಹೇಳಿದೀಯಾ?”

“ಯಾರಿಗೂ ಇಲ್ಲ. ದಿನಕ್ಕೆ ನಾಲ್ಕು ಮನೆ ಸುತ್ತೋಳು ನಾನು. ಯಾರು ಏನು ಹೇಳಿದ್ರು ಅಂತ ನನಗೇ ನೆನಪಿರಲ್ಲ.”

“ಹೌದಾ? ಮತ್ತೆ ನನ್ನ ಕಪ್ಪಿಗೆ ಸಕ್ಕರೆ ಯಾಕೆ ಹಾಕ್ಲಿಲ್ಲ?”

ಕೇತಕಿ ತುಟಿ ಕಚ್ಚಿಕೊಂಡಳು. ಸಕ್ಕರೆ ಕಾಯಿಲೆ ಇದೆ, ಲಾಡು ನೀನು ತಿನ್ನು ಎಂದು ಅವತ್ತು ಆಕೆಯೇ ಹೇಳಿದ್ದು. ಸಕ್ಕರೆ ಬೀಳುವ ಮೊದಲೇ ಇವಳ ಕೈ ತಾನಾಗಿ ಒಂದು ಕಪ್ಪು ಸೋಸಿ ತೆಗೆದಿತ್ತು. ಮಂದಾರ ಹೇಳಿದ್ದ ಎಂದು ಸುಳ್ಳಾಡಬಹುದಿತ್ತು. ದಿನವೂ ನಾಲ್ಕು ಮನೆಯವರ ಸುಳ್ಳು ಬರೆದುಕೊಳ್ಳುವ ಹುಡುಗಿಗೆ ಸ್ವಂತದ್ದೊಂದು ಸಮಯಕ್ಕೆ ಸರಿಯಾಗಿ ಹೊಳೆಯಲಿಲ್ಲ.

“ಎಲ್ಲಾ ನೆನಪಿದೆ ನಿನಗೆ,” ಎಂದರು ಸುಲಭಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಹೆದರಿಕೆ. “ದಿನಾ ಬೆಳಗ್ಗೆ ಎದ್ದು ನಿನ್ನ ಮುಖ ಹೇಗೆ ನೋಡ್ಲಿ ನಾನು?”

ಕೇತಕಿ ಬಾಯಿ ತೆರೆಯುವಷ್ಟರಲ್ಲಿ ಆಕೆ ಹೊರಗೆ ಹೋಗಿಯಾಗಿತ್ತು. ಪಡಸಾಲೆಯಿಂದ ಆಕೆಯ ಗಟ್ಟಿಯಾದ ಮಾತು ಕೇಳಿಸಿತು. “ಹುಡುಗಿ ಚಿನ್ನದಂಥವಳು. ತಪ್ಪು ಹುಡುಕೋ ಹಾಗಿಲ್ಲ. ಆದ್ರೆ ಇಂಥ ಕೆಲಸ ಮಾಡೋಳು ನಮ್ಮನೆಗೆ ಹೊಂದಲ್ಲ.”

“ಆಯೀ!” ಎಂದ ಮಂದಾರ. “ಬೇಕಾದ್ರೆ ಆ ಕೆಲಸ ಬಿಡ್ತಾಳೆ!”

“ಬಿಟ್ರೂ ಬೇಡ.”

ಶಾಲಿನಿಬಾಯಿ ಅತ್ತಿಗೆಯನ್ನು ಮೆಚ್ಚುಗೆಯಿಂದ ನೋಡಿದರು. ಆಮೇಲೆ ಮಾತು ಬೆಳೆಯಲಿಲ್ಲ. ಮಂದಾರ ತಲೆ ತಗ್ಗಿಸಿ ಮೊದಲೇ ಇಳಿದುಹೋಗಿ ಕಾರಿನ ಹತ್ತಿರ ನಿಂತ. ಕೇತಕಿಯ ತಾಯಿ ಕಣ್ಣೊರೆಸಿಕೊಂಡು, ಹೋಗುವವರಿಗೆ ಅರಿಶಿನ ಕುಂಕುಮ ಕೊಟ್ಟರು. ಬೇಡವೆಂದ ಮೇಲೂ ಶಾಸ್ತ್ರ ಬಿಡುವ ಹಾಗಿಲ್ಲವಲ್ಲ.

ಬಾಗಿಲ ಬಳಿ ಸುಲಭಾಬಾಯಿ ಹಿಂದೆ ಉಳಿದರು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕೇತಕಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು.

“ಆ ಕೆಲಸ ಮಾತ್ರ ಬಿಡಬೇಡ ಮಗಳೇ,” ಎಂದರು. “ನಮ್ಮಂಥವರನ್ನ ಕೇಳೋರು ಯಾರಿದಾರೆ ಹೇಳು?”