ಹಿಟ್ ಬೀಳುವ ತನಕ

ಐದನೆಯ ಇನಿಂಗ್ಸ್ ಮುಗಿಯುತ್ತಿದ್ದಂತೆ ಲೊರೆಟ್ಟಾ ಕೈಚೀಲ ಹೆಗಲಿಗೇರಿಸಿಕೊಂಡು, "ಕ್ಯಾಸ್, ನಿಮ್ಗೊಂದು ಮಾತು ಹೇಳ್ಬೇಕಿತ್ತು" ಎಂದಳು. ವರ್ಷಗಳಿಂದ ಪಕ್ಕದ ಸೀಟಿನಲ್ಲೇ ಕೂರುವ ಕ್ಯಾಸ್ ಅವಳತ್ತ ತಿರುಗಲೂ ಇಲ್ಲ. ಮೈದಾನದಾಚೆಯ ದೊಡ್ಡ ಬೋರ್ಡಿನಲ್ಲಿ ಎದುರಾಳಿಗಳ ಹಿಟ್ ಲೆಕ್ಕ ಇನ್ನೂ ಸೊನ್ನೆಯಲ್ಲೇ ನಿಂತಿತ್ತು.

"ಈಗ ಏನೂ ಹೇಳ್ಬೇಡಿ. ಹಿಟ್ ಬೀಳೋ ತನಕ ಬಾಯಿ ಬಿಡೋ ಹಾಗಿಲ್ಲ."

"ಅದಲ್ಲ ಕ್ಯಾಸ್, ಇದು ಬೇರೆ..."

"ಯಾವುದೂ ಬೇಡ. ಏಳೋದೂ ಬೇಡ. ದೃಷ್ಟಿ ಆಗುತ್ತೆ, ಕೂತ್ಕೊಳ್ಳಿ."

ಬೇಸ್‌ಬಾಲ್ ಹುಚ್ಚಿನ ಆ ಊರಿನಲ್ಲಿ ಇದು ಶಾಸ್ತ್ರ. ಚೆಂಡು ಎಸೆಯುವ ತಮ್ಮ ಪಿಚರ್ ಒಂದೂ ಹಿಟ್ ಕೊಡದೆ, ಅಂದರೆ ಎದುರಾಳಿ ಯಾರಿಗೂ ಚೆಂಡು ಹೊಡೆದು ಓಟ ದಕ್ಕಿಸಿಕೊಳ್ಳಲು ಬಿಡದೆ, ಆಡುತ್ತಿದ್ದಾನೆಂದರೆ ಆ ಸುದ್ದಿಯನ್ನು ಯಾರೂ ಎತ್ತಬಾರದು, ಕೂತ ಜಾಗ ಬಿಡಬಾರದು. ತಂಡದವರೇ ಬೆಂಚಿನ ಮೇಲೆ ಅವನನ್ನು ಒಂಟಿಯಾಗಿ ಬಿಟ್ಟು ದೂರ ಕೂರುತ್ತಾರೆ. ಒಬ್ಬರು ಬಾಯಿ ಜಾರಿದರೂ ಮುಂದಿನ ಚೆಂಡಿಗೆ ಹಿಟ್ ಬಿತ್ತೆಂದೇ ಲೆಕ್ಕ. ಲೊರೆಟ್ಟಾಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವಳು ಒಮ್ಮೆ ಮೆಟ್ಟಿಲಿನ ಕಡೆ ನೋಡಿದಳು, ಒಮ್ಮೆ ಕ್ಯಾಸ್‌ನ ಬಿಗಿದ ಮುಖ ನೋಡಿದಳು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಎಸೆಯುತ್ತಿದ್ದವನಾದರೂ ಯಾರು? ವೆಂಡಲ್ ಕ್ರೂಪ್! ದಿನಕ್ಕೊಬ್ಬರಂತೆ ಸರದಿಯಲ್ಲಿ ಆಟ ಶುರು ಮಾಡುವ ಐವರು ಪಿಚರ್‌ಗಳೂ ಆ ವರ್ಷ ಕೈಕೊಟ್ಟಿದ್ದರು, ಕ್ರೂಪ್ ಅವರಲ್ಲಿ ಅತಿ ಕಡೆ. ಕ್ಯಾಸ್ ಅವನಿಗೆ ಧರ್ಮಾಸ್ಪತ್ರೆ ಎಂದು ಹೆಸರಿಟ್ಟಿದ್ದ. ಬ್ಯಾಟು ಬೀಸುವುದನ್ನೇ ಮರೆತ ರೋಗಿಗಳೆಲ್ಲ ಇವನ ಹತ್ತಿರ ಬಂದು ಗುಣವಾಗಿ ಹೋಗುತ್ತಾರೆ ಎಂಬುದು ಅವನ ವಾದ. ಆಸ್ಪತ್ರೆ ಇವತ್ತು ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ ಎಂದು ಲೊರೆಟ್ಟಾ ಕಡಲೆಕಾಯಿ ಸುಲಿಯುತ್ತ ಕೇಳುವಳು. ಆಮೇಲೆ ಇಬ್ಬರೂ ಸೇರಿ ಐವರ ಮೊಣಕೈ, ಹೆಗಲು, ತಲೆಯೊಳಗಿನ ದೋಷ ಎಲ್ಲವನ್ನೂ ಜಾಲಾಡಿ, ಮನೆಮಕ್ಕಳು ಹಾಳಾದ ಹಾಗೆ ಕೊರಗುವರು. ಕ್ಯಾಸ್‌ಗೆ ಆ ಕೊರಗೇ ಒಂದು ಸುಖ. ಅವನು ದುಡಿಯುವ ಬ್ರೆಡ್ ಫ್ಯಾಕ್ಟರಿಯ ಒಲೆಗಳ ಗದ್ದಲದಲ್ಲಿ ಮಾತಿಗೆ ಜಾಗವಿರಲಿಲ್ಲ, ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಕಿವಿಯಿರಲಿಲ್ಲ. ವಾರವಿಡೀ ಮಾತು ಕೂಡಿಟ್ಟುಕೊಂಡು ಇಲ್ಲಿಗೆ ಬಂದು ಖರ್ಚು ಮಾಡುತ್ತಿದ್ದ. ಲೊರೆಟ್ಟಾ ಎಡಗೈ ಪಿಚರ್‌ಗಳನ್ನು ನಂಬುವುದಿಲ್ಲ, ಹಾಟ್‌ಡಾಗ್ ತಿನ್ನುವ ಮೊದಲು ಅದರ ಮೇಲಿನ ಸಾಸಿವೆ ಸಾಸ್ ನೆಕ್ಕುತ್ತಾಳೆ ಎಂಬುದೆಲ್ಲ ಅವನಿಗೆ ಗೊತ್ತು. ಅವಳ ಮನೆ ಯಾವ ಬೀದಿಯಲ್ಲಿದೆ ಎಂದು ಇಷ್ಟು ವರ್ಷದಲ್ಲಿ ಕೇಳಿರಲೇ ಇಲ್ಲ.

ಒಂಬತ್ತನೆಯ, ಕಡೆಯ ಇನಿಂಗ್ಸ್‌ನಲ್ಲಿ ಕೊನೆಯ ಬ್ಯಾಟರ್ ಗಾಳಿಗೆ ಬ್ಯಾಟು ಬೀಸಿ ಔಟಾದಾಗ ಇಡೀ ಮೈದಾನ ಎದ್ದು ನಿಂತಿತು. ಧರ್ಮಾಸ್ಪತ್ರೆ ಒಂದೂ ಹಿಟ್ ಕೊಟ್ಟಿರಲಿಲ್ಲ. ಲೊರೆಟ್ಟಾ ಕ್ಯಾಸ್‌ನನ್ನು ತಬ್ಬಿಕೊಂಡಳು, ಇದೇ ಮೊದಲು. ಕೂಗು ತುಸು ತಗ್ಗಿದ ಮೇಲೂ ಬಿಡಲಿಲ್ಲ. ಅವಳ ಕೆನ್ನೆ ಒದ್ದೆಯಾಗಿತ್ತು. ಕ್ರೂಪ್‌ಗಾಗಿ ಅತ್ತಳೆಂದು ಕ್ಯಾಸ್ ಹಿಗ್ಗಿದ.

"ಒಳ್ಳೇದಾಗ್ಲಿ ಕ್ಯಾಸ್."

"ಇದಕ್ಕಿಂತ ಒಳ್ಳೇದು ಇನ್ನೇನು ಆಗ್ಬೇಕು ಹೇಳಿ?" ಎಂದು ನಕ್ಕು ಅವನು ಮೈದಾನದತ್ತ ತಿರುಗಿ ಚಪ್ಪಾಳೆ ತಟ್ಟತೊಡಗಿದ. ಮತ್ತೆ ಪಕ್ಕಕ್ಕೆ ನೋಡುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ತಂಡ ಪರವೂರುಗಳ ಆಟ ಮುಗಿಸಿ ಮರಳಿದ ದಿನ ಕ್ಯಾಸ್ ಎಲ್ಲರಿಗಿಂತ ಮುಂಚೆ ಬಂದು ಕೂತ. ಕಡಲೆಕಾಯಿ ಎರಡು ಪೊಟ್ಟಣ ತಂದಿದ್ದ. ಇವತ್ತೂ ಕ್ರೂಪ್‌ನದೇ ಸರದಿ. ಅವನಿಗಿಟ್ಟ ಹೆಸರನ್ನು ವಾಪಸು ತೆಗೆದುಕೊಳ್ಳಬೇಕೋ ಬೇಡವೋ ಎಂದು ಲೊರೆಟ್ಟಾಳ ಜೊತೆ ಚರ್ಚಿಸುವುದಿತ್ತು. ಜನ ತುಂಬಿದರು. ಪಕ್ಕದ ಸೀಟು ತುಂಬಲಿಲ್ಲ. ಸೀಟು ತೋರಿಸುವ ಬರ್ನಿಸ್ ಬಂದವಳು ಅವನ ಕಾತರ ಕಂಡು ಅಚ್ಚರಿಪಟ್ಟಳು.

"ನಿಮ್ಗೆ ಹೇಳೇ ಹೋಗಿರ್ತಾರೆ ಅಂದ್ಕೊಂಡಿದ್ದೆ. ಅರಿಜೋನಾಗೆ ಹೋದ್ರಲ್ಲ, ತಂಗಿ ಮನೆಗೆ. ಇಲ್ಲಿನ ಚಳಿ ಅವ್ರ ಎದೆಗೆ ಆಗಲ್ಲ ಅಂದ್ರಂತೆ ಡಾಕ್ಟರು. ಇನ್ನು ಅಲ್ಲೇ."

"ಯಾವತ್ತು?"

"ಆವತ್ತೇ, ಕ್ರೂಪ್ ಗೆದ್ದ ದಿನ. ತಂಗಿ ಗಂಡ ಸಾಮಾನು ತುಂಬಿದ ಗಾಡಿ ಗೇಟಿನ ಹತ್ರ ನಿಲ್ಸ್ಕೊಂಡು ಬೈತಾ ಇದ್ರು. ನಾನು ಮೇಲೆ ಬಂದು ಕರೆದ್ರೆ ನಿಮ್ಮನ್ನ ತೋರ್ಸಿ, ಬೋರ್ಡು ತೋರ್ಸಿ, ಏಳೋ ಹಾಗಿಲ್ಲ ಅಂತ ಸನ್ನೆ ಮಾಡಿದ್ರು. ನೀವು ನೋಡ್ಲಿಲ್ಲ."

ಕ್ಯಾಸ್ ಫೋನ್ ನಂಬರ್ ಕೇಳಿದ. ಅದು ನಿಮ್ಮ ಹತ್ತಿರವೇ ಇರುತ್ತದೆ ಎಂದುಕೊಂಡೆನಲ್ಲ ಎಂದಳು ಬರ್ನಿಸ್. ಕೆಳಗೆ ಯಾರೋ ಕರೆದರು, ಅವಳು ಹೋದಳು. ಅಷ್ಟು ಸಾವಿರ ಜನರ ನಡುವೆ ಕ್ಯಾಸ್‌ಗೆ ತಾನು ಬೆಂಚಿನ ಮೇಲೆ ಬಿಟ್ಟುಹೋದ ಪಿಚರ್‌ನಂತೆ ಒಂಟಿ ಎನಿಸಿತು. ಆ ದಿನ ಒಂದು ಹಿಟ್ ಬಿದ್ದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಮೊದಲ ಬಾರಿಗೆ ಅನ್ನಿಸಿತು.

ಕ್ರೂಪ್ ಮೊದಲ ಚೆಂಡು ಎಸೆದ. ಬ್ಯಾಟಿಗೆ ಬಡಿದ ಸದ್ದು ಮೇಲಿನ ಸಾಲಿನ ತನಕ ಕೇಳಿಸಿತು. ಚೆಂಡು ಬೇಲಿಯ ತನಕ ಉರುಳಿತು, ಜನ ತಲೆ ಮೇಲೆ ಕೈ ಹೊತ್ತು ಗೊಣಗಿದರು. ಕ್ಯಾಸ್ ಒಂದು ಪೊಟ್ಟಣ ಬಿಚ್ಚಿ ಖಾಲಿ ಸೀಟಿನ ಮೇಲಿಟ್ಟ.

"ಹಿಟ್ ಬಿತ್ತು" ಎಂದ. "ಈಗ ಹೇಳಿ ಲೊರೆಟ್ಟಾ."