ಹೆಲ್ಮೆಟ್ಟಿನೊಳಗಿನ ಜಡೆ

ಚಂದ್ರನ ಕಾಲೊನಿಯಲ್ಲಿ ಹೆಲ್ಮೆಟ್ ಇಲ್ಲದೆ ಮಕ್ಕಳು ಶಾಲೆಗೂ ಹೋಗುವಂತಿರಲಿಲ್ಲ. ಸಿದ್ದಿ ಮಕ್ಕಳ ಗುಂಗುರು ಕೂದಲಿನ ಮೇಲೆ ಅದು ಕೂರುತ್ತಲೇ ಇರಲಿಲ್ಲ. “ಹೆಲ್ಮೆಟ್ ಸರಿಯಾಗೇ ಐತಿ, ಕೂದಲಾ ಕತ್ತರಿಸ್ಕೊಂಡು ಬಾ” ಎನ್ನುತ್ತಿದ್ದರು ಬಂದ ಅಧಿಕಾರಿಗಳೆಲ್ಲ. ಹಾಗಾಗಿ ನತಾಲ ಎಂಬ ಸಿದ್ದಿ ಹೆಂಗಸು ಈ ವರ್ಷ ಮಗಳ ಜೊತೆ ಕತ್ತರಿಯನ್ನೂ ಹಿಡಿದೇ ಹೆಲ್ಮೆಟ್ ತಪಾಸಣೆಗೆ ಬಂದಳು.

ಕಚೇರಿಯೊಳಗೆ ಹೊಸ ಅಧಿಕಾರಿ ತನ್ನ ಹೆಲ್ಮೆಟ್ ತೆಗೆದಳು. ಒಳಗೆ ಅಂಥದೇ ಗುಂಗುರು ಕೂದಲು, ದಪ್ಪನೆಯ ಜಡೆ.

“ಕತ್ತರಿ ಒಳಗಿಡು ಯಕ್ಕಾ. ದೊಡ್ಡ ಹೆಲ್ಮೆಟ್ ಮಾಡಿಸೇನಿ. ಇನ್ನ ಕೂದಲಾ ಬೆಳೀಲಿ, ಜಡಿ ಹಾಕು.”

ನತಾಲ ತಲೆ ತಗ್ಗಿಸಿದಳು. “ನನಗ ಜಡಿ ಹಾಕಾಕ ಬರಂಗಿಲ್ರಿ ಬಾಯಾರ. ನಮ್ಮವ್ವಗೂ ಬರತಿರಲಿಲ್ಲ.”

ಅಧಿಕಾರಿ ಕಚೇರಿಯ ಬಾಗಿಲು ಮುಚ್ಚಿದಳು. ತನ್ನ ಜಡೆ ಬಿಚ್ಚಿ, ನತಾಲಳಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತಳು.

“ತಗೋ, ನನ್ನ ತಲಿ ಮ್ಯಾಲ ಕಲಿ.”