ತಪ್ಪಿದ ಗೇರು

"ನಿಜ ಹೇಳಿ ಮಹಾಬಲಣ್ಣ, ಎಷ್ಟರಿಂದ ಎಷ್ಟಕ್ಕೆ ಹಾಕಿದ್ದು?"

ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಮೆಕ್ಯಾನಿಕ್ ಯೋಗೀಶ ಮುಖ ಎತ್ತದೆಯೇ ಕೇಳಿದ. ಮಂಜೇಶ್ವರದ ಆ ಗ್ಯಾರೇಜಿನ ಬಾಗಿಲಲ್ಲಿ ಮಹಾಬಲ ಬೆವರೊರೆಸಿಕೊಳ್ಳುತ್ತ ನಿಂತಿದ್ದ.

"ಮೂರರಿಂದ ನಾಲ್ಕಕ್ಕೆ ಅಂತ ಎಳೆದದ್ದು. ಎರಡಕ್ಕೆ ಬಿತ್ತು."

"ಮೂವತ್ತು ವರ್ಷ ಮಂಗಳೂರಿನ ಬಸ್ಸು ಓಡಿಸಿದವರು ನೀವು. ನಿಮಗೆ ಗೇರು ತಪ್ಪುವುದುಂಟಾ ಮಾರಾಯ್ರೇ?"

"ವಯಸ್ಸಾಯ್ತು."

ಮಗಳು ಜ್ಯೋತ್ಸ್ನಾ ಗೋಡೆಗೊರಗಿ ನಿಂತಿದ್ದಳು. ಬೆಳಗಿನಿಂದ ಅಪ್ಪನ ಜೊತೆ ಮಾತಿಲ್ಲ. ನಾಳೆ ಮೀಂಜದ ಕೆಂಪು ಮುರಕಲ್ಲಿನ ಮೈದಾನದಲ್ಲಿ ಕಾರ್ ರೇಸು. ಈ ಸಲ ಓಡಿಸುವವಳು ಅವಳೇ. ಅದಕ್ಕಾಗಿ ತಿಂಗಳುಗಟ್ಟಲೆ ಈ ಕಾರಿನ ಹಿಂದೆ ಬಿದ್ದಿದ್ದಳು. ಹೊಸ ಛಾವಣಿ, ಹೊಸ ಬಾಗಿಲು, ಹೊಸ ಬಣ್ಣ. ಇಂಜಿನ್ ಮಾತ್ರ ಹಳೆಯದು.

ರೇಸೆಂದರೆ ಮೂಗು ಮುರಿಯುತ್ತಿದ್ದ ಮಹಾಬಲ ಇವತ್ತು ಬೆಳಿಗ್ಗೆ ತಾನಾಗಿಯೇ ಮೈದಾನಕ್ಕೆ ಬಂದಿದ್ದ. "ಮನೀಶನ ಜೀಪಿನೊಟ್ಟಿಗೆ ಒಂದು ಸುತ್ತು ನಾನೂ ಹಾಕ್ತೇನೆ" ಎಂದ. ಅಭ್ಯಾಸಕ್ಕೆ ಬಂದಿದ್ದ ಮನೀಶ ಮತ್ತಿತರ ಹುಡುಗರು ಶಿಳ್ಳೆ ಹೊಡೆದರು. ಜ್ಯೋತ್ಸ್ನಾ ಖುಷಿಯಿಂದಲೇ ಕೀಲಿ ಕೊಟ್ಟಳು. ಜೀಪನ್ನು ಹಿಂದೆ ಹಾಕಿ ಕಾರು ನೇರ ದಾರಿಗೆ ಬಂದದ್ದೇ ತಡ, ಇಂಜಿನ್ ಕಿರುಚಿತು. ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ಕೊನೆಗೆ ಹೋಗಿ ಬಡಿಯಿತು. ಕಾರು ಮುಗ್ಗರಿಸಿ ನಿಂತಾಗ ಒಳಗಿನಿಂದ ಟಕಟಕ ಸದ್ದು.

ಮಧ್ಯಾಹ್ನ ಮನೆಯಲ್ಲಿ ಕೋರಿ ರೊಟ್ಟಿ. ವಿಜೇತನಿಗೆ ಇಷ್ಟವೆಂದು ತಾಯಿ ಪುಷ್ಪಾವತಿ ತಾನೇ ಮಸಾಲೆ ಅರೆದಿದ್ದಳು. ಹಿರಿಯ ಮಗನ ಎಲೆಗೆ ಮೊದಲು ಬಡಿಸಿ, ಉಳಿದವರು ಆಮೇಲೆ ಕುಳಿತರು. ಮಹಾಬಲ ಎರಡೇ ತುತ್ತಿಗೆ ಎದ್ದ.

"ಎಂತ, ಹೋಯ್ತಾ?" ಈಗ ಗ್ಯಾರೇಜಿನಲ್ಲಿ ಮಹಾಬಲ ಕೇಳಿದ.

"ಸ್ವಲ್ಪ ತಡೆಯಿರಿ."

"ಹೋಗಿದ್ದರೆ ಹೋಗಿದೆ ಅಂತ ಹೇಳು ಯೋಗೀಶ. ಹುಡುಗಿಗೆ ಸುಮ್ಮನೆ ಆಸೆ ಹುಟ್ಟಿಸಬೇಡ."

ಯೋಗೀಶ ಆಯಿಲ್ ಇಳಿಸಿ ಬೆರಳಲ್ಲಿ ಉಜ್ಜಿ ನೋಡಿದ. ಲೋಹದ ಪುಡಿ ಇರಲಿಲ್ಲ. ಪ್ಲಗ್ಗು ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಗೇಜು ಹಾಕಿದ. ಒತ್ತಡ ಸಮನಾಗಿತ್ತು. "ಇನ್ನು ಒಂದೇ ಉಳಿದದ್ದು. ವಾಲ್ವು ಪಿಸ್ಟನ್ನಿಗೆ ಬಡಿದಿದ್ದರೆ ಈ ಇಂಜಿನ್ನಿನ ಕಥೆ ಮುಗಿಯಿತು" ಎಂದು ಪ್ಲಗ್ಗಿನ ತೂತಿನೊಳಗೆ ದಾರದಷ್ಟು ಸಪೂರದ ಕ್ಯಾಮೆರಾ ಇಳಿಸಿದ.

ಮಹಾಬಲನ ತುಟಿ ಅಲುಗುತ್ತಿತ್ತು. ಯಾವ ದೈವಕ್ಕೆ ಹರಕೆ ಹೇಳಿಕೊಳ್ಳುತ್ತಿದ್ದನೋ. ಅದನ್ನು ನೋಡಿ ಜ್ಯೋತ್ಸ್ನಾಳ ಸಿಟ್ಟು ಕರಗಿತು. ಹತ್ತಿರ ಬಂದು ಅಪ್ಪನ ಕೈ ಹಿಡಿದುಕೊಂಡಳು.

"ಬೇಜಾರು ಮಾಡಬೇಡಿ ಅಪ್ಪ. ನೀವು ಬೇಕಂತ ಮಾಡಿದ್ದಲ್ಲವಲ್ಲ."

ಮಹಾಬಲ ಅವಳ ಮುಖ ನೋಡಲಿಲ್ಲ.

ಯೋಗೀಶ ತಲೆ ಎತ್ತಿದ. ಮುಖದ ತುಂಬ ನಗು. "ಒಂದು ಗೀರೂ ಇಲ್ಲ. ಆ ಸದ್ದು ಸೈಲೆನ್ಸರಿನ ಮೇಲಿನ ತಗಡು ಸಡಿಲಾದದ್ದು, ಅಷ್ಟೇ. ವಾಲ್ವಿಗೆ ಗಟ್ಟಿ ಸ್ಪ್ರಿಂಗು ಹಾಕಿಸಿದ್ದು ವಿಜೇತ್ ಅಲ್ವಾ? ಆ ಸ್ಪೀಡಿನಲ್ಲಿ ಎರಡಕ್ಕೆ ಬಿದ್ದದ್ದಕ್ಕೆ ಬೇರೆ ಇಂಜಿನಾದರೆ ಚೂರು ಚೂರಾಗ್ತಿತ್ತು. ನಾಳೆ ಧೈರ್ಯವಾಗಿ ಓಡಿಸು."

ಜ್ಯೋತ್ಸ್ನಾ ಬಾನೆಟ್ಟಿಗೆ ಹಣೆಯಿಟ್ಟು ಅತ್ತಳು. "ಅಣ್ಣ ನನ್ನ ಕೈ ಬಿಡಲಿಲ್ಲ ಅಪ್ಪ."

ಮಹಾಬಲ ಹಳೆ ಟಯರುಗಳ ಮೇಲೆ ಕುಸಿದು ಕುಳಿತು ಬಿಕ್ಕಿಬಿಕ್ಕಿ ಅತ್ತ. "ಖುಷಿಗೆ ಹೀಗಾಗ್ತದೆ, ನೀರು ಕೊಡು" ಎಂದ ಯೋಗೀಶ.

ಮಧ್ಯಾಹ್ನ ಬಡಿಸಿದ್ದು ವಿಜೇತನ ವರ್ಷಾಂತಿಕದ ಎಲೆ. ಹೋದ ವರ್ಷ ಇದೇ ರೇಸಿನಲ್ಲಿ, ಇದೇ ಕಾರು ಮಗುಚಿ ಅವನು ಸತ್ತಿದ್ದ.

ಮಗಳಾದರೂ ಉಳಿಯಲಿ ಎಂದು ಬೆಳಿಗ್ಗೆ ಎರಡನೇ ಗೇರಿಗೆ ಎಳೆದ ಮಹಾಬಲನ ಕೈ ತಪ್ಪಿರಲೇ ಇಲ್ಲ.